ಶಿಂಷಾ ದಂಡೆಯಲ್ಲಿ ಕಳೆದದ್ದು

ಸೆಪ್ಟೆಂಬರ್ 23, ಮಂಗಳವಾರ

ಮಾವನಿಗೆ ಇಂಜೆಕ್ಷನ್ ಆಯಿತು. ಲಿಂಗಪೂಜೆಗೆ ಕೂತಿದ್ದಾರೆ. ಇಡ್ಲಿ ಒಲೆ ಮೇಲಿದೆ. ಬೆಳಿಗ್ಗೆ ನನಗೆ ಅಂತ ಸಿಗುವುದು ಈ ಸಂದಿ ಮಾತ್ರ, ಬರೆದುಬಿಡಬೇಕು.

ನಮ್ಮ ಮನೆಯ ಬೆಳಿಗ್ಗೆ ಹೀಗೇ. ಸ್ನಾನ, ಇಂಜೆಕ್ಷನ್, ಪೂಜೆ, ತಿಂಡಿ. ಇನ್ಸುಲಿನ್ ಕೊಟ್ಟು ಅರ್ಧ ಗಂಟೆಗೆ ತಿನ್ನಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ಮಾವನ ಪೂಜೆ ಸರಿಯಾಗಿ ಅಷ್ಟೇ ಹೊತ್ತು. "ನೋಡ್ದಾ, ಡಾಕ್ಟ್ರೂ ಶಿವನೂ ಮೊದ್ಲೇ ಮಾತಾಡ್ಕಂಡವ್ರೆ" ಎಂದು ನಗುತ್ತಾರೆ. ಅತ್ತೆ ಇದ್ದಾಗ ಸೂಜಿ ಅವರದೇ ಕೆಲಸವಾಗಿತ್ತು. ಹೋದ ವರ್ಷ ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. ಹೆತ್ತ ಮಗನಿಗೆ ಸೂಜಿ ಕಂಡರೆ ತಲೆ ಸುತ್ತುತ್ತದೆ. ನನ್ನ ಗಂಡ ಗಂಗಾಧರ್ ಹೊರಗೆ ಹುಲಿ, ಈ ವಿಷಯದಲ್ಲಿ ಇಲಿ.

ಆ ಹುಲಿ ನಿನ್ನೆ ಊಟದ ಹೊತ್ತಿಗೆ ಬಾಂಬ್ ಹಾಕಿದರು. ಆನ್‌ಲೈನಲ್ಲಿ ಟೆಂಟ್ ಆರ್ಡರ್ ಮಾಡಿದ್ದಾರಂತೆ. ಆಯುಧಪೂಜೆಯಿಂದ ಭಾನುವಾರದವರೆಗೆ ಅಂತರಸನಹಳ್ಳಿಯ ಫ್ಯಾಕ್ಟರಿಗೆ ರಜೆ. ನಮ್ಮ ಓಮ್ನಿಯಲ್ಲಿ ದೇವರಾಯನದುರ್ಗದಿಂದ ಶುರು ಮಾಡಿ ಶಿಂಷಾ ಹೊಳೆ ಹೋದ ಕಡೆ ನಾವೂ ಹೋಗುವುದು. ಗುಬ್ಬಿ, ಕಡಬ ಕೆರೆ, ಮಾರ್ಕೋನಹಳ್ಳಿ ಡ್ಯಾಮು. ಎರಡು ರಾತ್ರಿ ಟೆಂಟ್. ಕೊನೆಗೆ ಕುಣಿಗಲ್‌ನಲ್ಲಿ ನನ್ನ ತವರು.

"ಹೊಳೆ ಪಕ್ಕ ಟೆಂಟು, ಮೇಲೆ ಮಳೆ ಸದ್ದು, ಕೈಯಲ್ಲಿ ಬಿಸಿ ಕಾಫಿ... ರೀಲ್ಸ್‌ನಲ್ಲಿ ನೋಡ್ಬೇಕು ಕಣೇ ನೀನು."

"ಆ ರೀಲ್ಸ್‌ನಲ್ಲಿ ಸಕ್ಕರೆ ಕಾಯಿಲೆ ಇರೋ ಮಾವ ಇದ್ರಾ?"

ಮಾವ ಅನ್ನ ಕಲಸುತ್ತಿದ್ದವರು ತಲೆ ಎತ್ತಿದರು. "ನಾನೂ ಬತ್ತೀನಿ. ಕಡಬದ ಹತ್ರ ನಮ್ ಸೋದರಮಾವನ ಊರು. ಆ ಹೊಳೇಲಿ ಈಜಿವ್ನಿ."

ಶಿರಾ ಗೇಟ್‌ನಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು ಇಡೀ ಆಯಸ್ಸು ಗಲ್ಲಾ ಮುಂದೆ ಕೂತವರು. ಎಲ್ಲಿಗೂ ಕರೆದುಕೊಂಡು ಹೋಗಿ ಎಂದು ಕೇಳಿದವರಲ್ಲ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕುಕ್ಕರ್ ಕೂಗುತ್ತಿದೆ.

ಸೆಪ್ಟೆಂಬರ್ 28, ಭಾನುವಾರ

ಫೋನಿನಲ್ಲಿ ಹವಾಮಾನ ನೋಡಿ ನೋಡಿ ಕಣ್ಣು ಉರಿ. ಗುರುವಾರ ಮಳೆ, ಶುಕ್ರವಾರ ಜೋರು ಮಳೆ. ಯೆಲ್ಲೋ ಅಲರ್ಟ್ ಎಂದು ತೋರಿಸಿದರೆ ಗಂಗಾಧರ್, "ರೆಡ್ ಅಲ್ವಲ್ಲ" ಎಂದರು. ಈ ಮನುಷ್ಯನಿಗೆ ಏನು ಹೇಳುವುದು.

ನನ್ನ ಬ್ಯಾಗು: ಇನ್ಸುಲಿನ್ ಪೆನ್ ಇಡಲು ಫ್ಲಾಸ್ಕ್, ಶುಗರ್ ನೋಡುವ ಮಿಷನ್, ಗ್ಲೂಕೋಸ್ ಪುಡಿ, ಮಾವನ ಒಣ ಬಟ್ಟೆ ಬೇಕಾದ್ದಕ್ಕಿಂತ ಎರಡು ಪಟ್ಟು. ಗಂಗಾಧರ್ ಬ್ಯಾಗು: ಬ್ಲೂಟೂತ್ ಸ್ಪೀಕರ್.

ನನ್ನ ಹೊಲಿಗೆ ಅಂಗಡಿಯಲ್ಲಿ ಸೀರೆಗಳು ರಾಶಿ ಬಿದ್ದಿವೆ. ಹಬ್ಬಕ್ಕೆ ಮುಂಚೆ ಎಲ್ಲರಿಗೂ ಫಾಲ್, ಪಿಕೋ ಇವತ್ತೇ ಆಗಬೇಕು. ಮಿಷನ್ ತುಳಿಯುತ್ತಾ ನನಗೆ ಒಂದೇ ಯೋಚನೆ. ಹಿಂದೆ ಒಂದು ಸಲ ಪಾತ್ರೆ ಅಂಗಡಿಯಲ್ಲೇ ಮಾವನಿಗೆ ಶುಗರ್ ಇಳಿದು, ಬೆವರಿ, ಗಿರಾಕಿ ಮುಂದೆಯೇ ಕುಸಿದಿದ್ದರು. ಪಕ್ಕದ ಬೇಕರಿಯವರು ಸಕ್ಕರೆ ನೀರು ಕುಡಿಸಿದ್ದರಿಂದ ಬದುಕಿದರು. ಹೊಳೆ ದಂಡೆಯಲ್ಲಿ ಯಾವ ಬೇಕರಿ ಇದೆ?

ಬರೆದರೆ ತಲೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಓಮ್ನಿಗೆ ಚೆಂಡುಹೂವಿನ ಹಾರ. ಕುಂಬಳಕಾಯಿ ಒಡೆದಾಯಿತು. ನನ್ನ ಪಿಕೋ ಮಿಷನ್‌ಗೂ ಕುಂಕುಮ.

ನಾಳೆ ಹೊರಡುವುದು. ಸಂಜೆ ದೇವರ ಮನೆಯಿಂದ ಲಿಂಗವಿರುವ ನನ್ನ ಬೆಳ್ಳಿ ಕರಡಿಗೆ ತೆಗೆದು ಕೊರಳಿಗೆ ಹಾಕಿಕೊಂಡೆ. ಮಾವನ ಜೊತೆ ಹೊರಗೆ ಹೊರಟಾಗ ಮಾತ್ರ ಲಿಂಗ ಕಟ್ಟಿಕೊಳ್ಳುತ್ತೇನೆ. ಪೊಲೀಸರನ್ನು ಕಂಡಾಗ ಹೆಲ್ಮೆಟ್ ಹಾಕಿಕೊಂಡ ಹಾಗೆ. ಗಂಗಾಧರ್ ಅದೂ ಇಲ್ಲ, ಅವರದು ಸ್ಟೀಲ್ ಡಬ್ಬಿಯಲ್ಲಿ ಮಲಗಿ ಎಷ್ಟೋ ವರ್ಷವಾಯಿತು. ಮಾವ ಯಾವತ್ತೂ ನಮ್ಮನ್ನು ಕೇಳಿದವರಲ್ಲ. ಅವರ ಪಾಡಿಗೆ ಅವರು. ಕರಡಿಗೆ ಗಿರಡಿಗೆ ಇಲ್ಲ, ಕಾವಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ತೋರಿಸದೆ ಒಂದು ತೊಟ್ಟು ನೀರೂ ಬಾಯಿಗಿಲ್ಲ. ಮಂಡಿ ಆಪರೇಷನ್ ಆದ ದಿನ ನರ್ಸ್ ಜೊತೆ ಜಗಳವಾಡಿ, ಮಲಗಿದ ಕಡೆಯೇ ಪೂಜೆ ಮಾಡಿ ಆಮೇಲೆ ಗಂಜಿ ಕುಡಿದರು.

ಹೊರಗೆ ಹನಿಯುತ್ತಿದೆ. ಯಾಕೆ ಒಪ್ಪಿದೆನೋ.

ಅಕ್ಟೋಬರ್ 2, ಗುರುವಾರ, ಸಂಜೆ. ಟೆಂಟ್‌ನಲ್ಲಿ

ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದೇನೆ.

ನಾಮದ ಚಿಲುಮೆಗೆ ಹೋಗುವ ಹೊತ್ತಿಗೇ ಮಳೆ ಹಿಡಿಯಿತು. ದೇವರಾಯನದುರ್ಗದ ಬೆಟ್ಟ ಕಾಣಲೇ ಇಲ್ಲ, ಬರೀ ಮೋಡ. ಹೊಳೆ ಎಲ್ಲಿ ಎಂದರೆ ಗಂಗಾಧರ್ ಫೋನ್ ತೋರಿಸಿ, "ಈ ನೀಲಿ ಗೆರೆ" ಎನ್ನುತ್ತಾರೆ. ರಸ್ತೆ ಪಕ್ಕದ ಚರಂಡಿಯಷ್ಟು ನೀರು ಪೊದೆಯೊಳಗೆ ಓಡುತ್ತಿತ್ತು. ಅದೇ ಶಿಂಷೆಯಂತೆ. ಮಾವ ಕೈ ಮುಗಿದರು.

ಗುಬ್ಬಿಯಲ್ಲಿ ದೋಸೆ. ಮಾವ ಹೋಟೆಲಿನಲ್ಲಿ ಶಾಲು ಮುಂದಕ್ಕೆ ಎಳೆದುಕೊಂಡು, ತಟ್ಟೆಯನ್ನು ಎದೆಯ ಹತ್ತಿರ ಹಿಡಿದು, ಲಿಂಗಕ್ಕೆ ತೋರಿಸಿ ತಿಂದರು. ಎದುರು ಟೇಬಲಿನ ಹುಡುಗಿಯರು ನೋಡಿ ನಕ್ಕರು. ನನಗೆ ಸಿಟ್ಟು ಬಂತು, ಮಾವನ ಮೇಲೋ ಹುಡುಗಿಯರ ಮೇಲೋ ತಿಳಿಯಲಿಲ್ಲ.

ಕಡಬ ಕೆರೆ ತುಂಬಿ ಏರಿಯ ಮಟ್ಟಕ್ಕೆ ನಿಂತಿದೆ. ಕೊಡೆ ಹಿಡಿದು ಸೆಲ್ಫಿ ತೆಗೆಯುವ ಜನ. ಅಲ್ಲಿಂದ ಮುಂದೆ ಹೊಳೆ ಹೊಳೆಯ ಹಾಗೇ ಕಾಣಿಸುತ್ತದೆ, ಕೆಂಪು ನೀರು, ಕಸಕಡ್ಡಿ, ಒಂದು ಬೇರು ಸಮೇತ ಜಾಲಿ ಮರ. ಗಂಗಾಧರ್ ಫ್ಯಾಕ್ಟರಿಯ ಸ್ನೇಹಿತರೊಬ್ಬರ ತೆಂಗಿನ ತೋಟ ದಂಡೆಯ ದಿಬ್ಬದ ಮೇಲಿದೆ. ಪಂಪ್‌ಹೌಸ್ ಪಕ್ಕ ಟೆಂಟ್ ಹಾಕಿದೆವು. ಹಾಕಿದೆವು ಎಂದರೆ, ಗಂಗಾಧರ್ ಯೂಟ್ಯೂಬ್ ನೋಡಿದರು, ನಾನು ಹಗ್ಗ ಎಳೆದೆ, ಮಾವ ನಕ್ಕರು. ಈಗಾಗಲೇ ಒಂದು ಮೂಲೆ ಸೋರುತ್ತಿದೆ.

ಈ ದಿಬ್ಬಕ್ಕೆ ಬರುವ ದಾರಿಯಲ್ಲಿ ಎರಡೂ ಕಡೆ ತಗ್ಗು ಸೇತುವೆ ದಾಟಬೇಕು. ಬರುವಾಗಲೇ ನೀರು ಸೇತುವೆಯ ಕೆಳಗೆ ಒಂದು ಅಡಿಯಷ್ಟರಲ್ಲಿತ್ತು. ಹೇಳಿದೆ. ಕೇಳುವವರಿಲ್ಲ.

ನಮ್ಮ ಹಾಗೇ ಮಳೆಗೆ ಸಿಕ್ಕಿಕೊಂಡ ಇನ್ನೊಬ್ಬರಿದ್ದಾರೆ. ಗುಬ್ಬಿಯ ಬುಡನ್ ಸಾಬ್, ತೆಂಗಿನಕಾಯಿ ವ್ಯಾಪಾರಿ. ಟೆಂಪೋಗೆ ಲೋಡ್ ಮಾಡುವಷ್ಟರಲ್ಲಿ ಮಳೆ ಬಂದು ಇಲ್ಲೇ ನಿಂತರು. ಬಿಳಿ ಗಡ್ಡ, ಜೋರು ದನಿ. ಟೆಂಟ್ ನೋಡಿ, "ಇದೇನ್ ಸಾರ್, ಮನೆ ಇಲ್ವಾ ನಿಮ್ಗೆ?" ಎಂದರು. ಗಂಗಾಧರ್ ಮುಖ ನೋಡಬೇಕಿತ್ತು.

ಮಾವ ಮಾತ್ರ ತುಂಬಾ ಖುಷಿಯಾಗಿದ್ದಾರೆ. ಹೊಳೆ ಕಡೆ ಮುಖ ಮಾಡಿ ಕೂತು, ಯಾವ ಬಂಡೆಯಿಂದ ಹಾರುತ್ತಿದ್ದೆ ಎಂದು ಹೇಳುತ್ತಿದ್ದಾರೆ. ಅತ್ತೆ ಹೋದ ಮೇಲೆ ಇಷ್ಟು ಮಾತಾಡಿದ್ದು ಇವತ್ತೇ.

ಅಕ್ಟೋಬರ್ 3, ಶುಕ್ರವಾರ, ಬೆಳಿಗ್ಗೆ

ಇಂಜೆಕ್ಷನ್ ಆಯಿತು. ಉಪ್ಪಿಟ್ಟು ಪಾತ್ರೆಯಲ್ಲಿದೆ, ಮುಚ್ಚಿಟ್ಟಿದ್ದೇನೆ.

ಎರಡು ಸೇತುವೆಯೂ ನೀರೊಳಗೆ. ಬುಡನ್ ಸಾಬ್ ಹೋಗಿ ನೋಡಿ ಬಂದರು. ಮಧ್ಯಾಹ್ನದ ಹೊತ್ತಿಗೆ ಇಳಿಯಬಹುದು ಎನ್ನುತ್ತಾರೆ. ಗಂಗಾಧರ್ ಈಗ ಮೆತ್ತಗಾಗಿದ್ದಾರೆ. ಸ್ಪೀಕರ್ ಹೊರಗೆ ಬಂದಿಲ್ಲ.

ಮಾವ ಬಿಸಿನೀರು ಬೇಡ ಎಂದರು. ಹೊಳೆಯ ನೀರೇ ಬೇಕಂತೆ. ಬಕೆಟ್ಟಿನಲ್ಲಿ ತಂದುಕೊಟ್ಟೆ. ಚಪ್ಪಡಿ ಕಲ್ಲಿನ ಮೇಲೆ ನಿಂತು, ಹನಿ ಮಳೆಯಲ್ಲೇ ಶಿವ ಶಿವಾ ಎನ್ನುತ್ತಾ ಮೈಮೇಲೆ ಸುರಿದುಕೊಂಡರು. ಒದ್ದೆ ಬಟ್ಟೆ ಬದಲಾಯಿಸಿ, ಚಳಿಗೆ ನಡುಗುತ್ತಾ ಟೆಂಟ್‌ಗೆ ಓಡಿ ಬಂದರು. ನಾನು ಬೇಗ ಬೇಗ ಸೂಜಿ ಕೊಟ್ಟೆ. ಮನೆಯಲ್ಲಿ ಹೇಗೋ ಇಲ್ಲೂ ಹಾಗೆ. ಈಗ ಒಳಗೆ ಪೂಜೆಗೆ ಕೂತರು. ನಾನು ಪಂಪ್‌ಹೌಸ್ ಶೀಟಿನ ಕೆಳಗೆ.

ಕರೆಯುತ್ತಿದ್ದಾರೆ. ಇಷ್ಟು ಬೇಗ ಪೂಜೆ ಮುಗಿಯಿತಾ—

ಅದೇ ದಿನ

ಲಿಂಗ ಇಲ್ಲ.

ಕೊರಳಿನ ಕಾವಿ ಬಟ್ಟೆ ಬಿಚ್ಚಿದರೆ ಬಟ್ಟೆ ಮಾತ್ರ. ಒದ್ದೆ ಬಟ್ಟೆಯಿಂದ ಒಣ ಬಟ್ಟೆಗೆ ಕಟ್ಟುವಾಗ ಜಾರಿದೆ. ಕಲ್ಲಿನ ಹತ್ತಿರವೋ, ಹುಲ್ಲಿನಲ್ಲೋ, ಹೊಳೆಗೇ ಹೋಯಿತೋ. ಎಲ್ಲರೂ ಹುಡುಕುತ್ತಿದ್ದಾರೆ. ನೀರೂ ಮುಟ್ಟುವುದಿಲ್ಲ ಎನ್ನುತ್ತಿದ್ದಾರೆ. ಸೂಜಿ ಆಗಿಬಿಟ್ಟಿದೆ. ನಾನೇ ಕೊಟ್ಟೆ. ಒಳಗೆ ಹೋದದ್ದನ್ನು ವಾಪಸ್ ತೆಗೆಯುವ ಹಾಗಿಲ್ಲವಲ್ಲ ದೇವರೇ. ಬರೆಯುತ್ತಾ ಕೂತಿದ್ದೇನೆ, ನನಗೆ ಬುದ್ಧಿ ಇಲ್ಲ

ಅದೇ ದಿನ, ಮಧ್ಯಾಹ್ನ

ಮಾವ ನಿದ್ದೆ ಮಾಡುತ್ತಿದ್ದಾರೆ. ಶುಗರ್ ನೋಡಿದೆ, ಸರಿ ಇದೆ. ಎರಡು ಸಲ ನೋಡಿದೆ.

ಈಗ ಎಲ್ಲವನ್ನೂ ಬರೆಯುತ್ತೇನೆ. ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ಮೊದಲು ಎಲ್ಲರೂ ಸೇರಿ ಕಲ್ಲಿನಿಂದ ಟೆಂಟ್‌ವರೆಗೆ ಹುಡುಕಿದೆವು. ಮೊಣಕಾಲುದ್ದ ಹುಲ್ಲು, ಕೆಸರು, ಮೇಲಿನಿಂದ ಮಳೆ. ಚಪ್ಪಡಿಯ ಅಂಚಿಗೆ ಹೊಳೆ ನೆಕ್ಕುತ್ತಿತ್ತು. ಮಾವ ಮಂಡಿ ನೋವನ್ನೂ ಲೆಕ್ಕಿಸದೆ ಕುಕ್ಕರಗಾಲಲ್ಲಿ ಕೂತು ಹುಲ್ಲು ಸವರುತ್ತಿದ್ದರು. ಬುಡನ್ ಸಾಬ್ ಓಡಿ ಬಂದರು.

"ಏನಮ್ಮಾ ಕಳೆದಿರೋದು?"

"ಮಾವನ ಲಿಂಗ."

ಅವರು ಚಪ್ಪಲಿ ದೂರ ಬಿಟ್ಟು ಬಂದು ಮಂಡಿಯೂರಿದರು. "ಕಪ್ಪಗಿರ್ತದಲ್ಲಾ? ನೇರಳೆ ಹಣ್ಣಿನಂಗೆ? ಸಿಗ್ತದೆ ಬುಡಿ ಯಜಮಾನ್ರೇ, ದೇವರ ವಸ್ತು ಎಲ್ಲಿಗ್ ಹೋಗ್ತದೆ?"

ಸಿಗಲಿಲ್ಲ.

ನಾನು ಗ್ಲೂಕೋಸ್ ಕಲಸಿಕೊಂಡು ಬಂದೆ. "ಮಾವ, ಸೂಜಿ ಆಗೈತೆ. ಒಂದ್ ಗುಟುಕು. ಆಮೇಲೆ ಹುಡುಕೋಣ."

"ಅದು ಸಿಕ್ಕೋಗಂಟ ಬ್ಯಾಡ ಕಣವ್ವ."

"ಪಕ್ಕದ ಊರಿನ ಐನೋರನ್ನ ಕರೆಸೋಣ ಅಪ್ಪಾ, ಹೊಸದು ಕಟ್ತಾರೆ" ಎಂದರು ಗಂಗಾಧರ್. ಊರು ಸೇತುವೆಯ ಆಚೆ. ಐನೋರು ಬರುವುದು ಹೇಗೆ, ನಾವು ಹೋಗುವುದು ಹೇಗೆ. ಹೇಳಿದವರಿಗೇ ಅದು ಹೊಳೆಯಿತು. ಆಮೇಲೆ ಟೆಂಪೋದ ತೆಂಗಿನಕಾಯಿ ರಾಶಿ ಮೇಲೆ ಹತ್ತಿ, ನೆಟ್‌ವರ್ಕ್ ಹಿಡಿದು ಡಾಕ್ಟರಿಗೆ ಫೋನ್ ಮಾಡಿದರು. "ಈಗಲೇ ಸಕ್ಕರೆ ಕೊಡಿ, ಏನೇ ಆಗಲಿ ಕೊಡಿ" ಎಂದು ಡಾಕ್ಟರು ಬೈಯುತ್ತಿದ್ದುದು ಕೆಳಗೆ ನಿಂತ ನನಗೂ ಕೇಳಿತು.

ಗಂಗಾಧರ್ ಅಪ್ಪನ ಮುಂದೆ ಕೆಸರಿನಲ್ಲಿ ಕೂತು ಅತ್ತರು. ನನ್ನ ಗಂಡ ಅತ್ತದ್ದನ್ನು ಅತ್ತೆಯ ಮಣ್ಣಿನ ದಿನ ನೋಡಿದ್ದು, ಬಿಟ್ಟರೆ ಇವತ್ತು. "ಒಂದ್ ಚಮಚ ಅಪ್ಪಾ. ನಿನ್ ಕಾಲಿಗ್ ಬೀಳ್ತೀನಿ."

"ನನ್ನ ಕಾಲ್ ಬುಡ್ಲಾ. ಹೋಗಿ ಹುಡ್ಕು."

ಬಲವಂತವಾಗಿ ಬಾಯಿಗೆ ಹಾಕಲು ಹೋದರೆ ತುಟಿ ಬಿಗಿಹಿಡಿದು, "ಮೈಮೇಲ್ ಬಿದ್ರೆ ಹೊಳೆಗ್ ಇಳೀತೀನಿ ನೋಡು" ಎಂದರು. ತಮಾಷೆಯ ಮಾತಲ್ಲ. ಮಾವ ಆಡಿದ್ದನ್ನು ಮಾಡುವವರು.

ಅಷ್ಟರಲ್ಲಿ ಬೆವರು ಶುರುವಾಯಿತು. ಅಂಥ ಚಳಿಯಲ್ಲಿ ಹಣೆ ಮೇಲೆ ಬೆವರು. ಬೆರಳು ನಡುಗುತ್ತಿದ್ದವು. ಮಿಷನ್‌ನಲ್ಲಿ ಅರವತ್ತರ ಕೆಳಗೆ ತೋರಿಸಿತು. ಪಂಪ್‌ಹೌಸ್ ಗೋಡೆಗೆ ಒರಗಿಸಿ ಕೂರಿಸಿದೆವು. ನನ್ನ ಮುಖ ನೋಡಿ, "ಗಂಗಾಂಬಿಕೆ, ಅಂಗ್ಡಿ ಬಾಗ್ಲಾಕು, ಪಾತ್ರೆ ನೆನೀತವೆ" ಎಂದರು. ಅತ್ತೆಯ ಹೆಸರು.

ಇವರು ಇಲ್ಲೇ ಹೋಗುತ್ತಾರೆ, ನನ್ನ ಸೂಜಿಯಿಂದಲೇ ಹೋಗುತ್ತಾರೆ ಅನ್ನಿಸಿತು. ಹುಡುಕುತ್ತೇನೆ ಎಂದು ಹೇಳಿ ಕಲ್ಲಿನ ಕಡೆ ಓಡಿದೆ. ನಿಜವಾಗಿ ಹುಡುಕಲೇ ಓಡಿದ್ದು. ಬಗ್ಗಿದಾಗ ಕೊರಳಿನ ಕರಡಿಗೆ ಹೊರಗೆ ಬಂದು ಗಲ್ಲಕ್ಕೆ ಬಡಿಯಿತು. ಆಗ ಹೊಳೆಯಿತು.

ಹೊಳೆಗೆ ಮುಖ ಮಾಡಿ ನಿಂತು ಕರಡಿಗೆ ತೆರೆದೆ. ಚಿಕ್ಕವಳಿದ್ದಾಗ ಕುಣಿಗಲ್‌ನಲ್ಲಿ ತುಮಕೂರು ಮಠದಿಂದ ಬಂದಿದ್ದ ಸ್ವಾಮಿಗಳು, ನಮ್ಮ ಬುದ್ಧಿಯವರು, ಎಡಗೈ ಮೇಲೆ ಇಟ್ಟುಕೊಟ್ಟಿದ್ದು. ಎಷ್ಟು ದಿನದಿಂದ ಅದನ್ನು ಸರಿಯಾಗಿ ನೋಡಿರಲೂ ಇಲ್ಲ. ಮಾವನದಕ್ಕಿಂತ ಒಂಚೂರು ಸಣ್ಣದೇ? ನೆನಪಾಗಲಿಲ್ಲ. ಯೋಚನೆ ಮಾಡುತ್ತಾ ನಿಲ್ಲಲು ಸಮಯವಿರಲಿಲ್ಲ. ಕೆಸರಿನಲ್ಲಿ ಇಟ್ಟು ಹೊರಳಿಸಿದೆ. ಹುಲ್ಲಿನಿಂದ ಸಿಕ್ಕಿದಂತೆ ಕಾಣಬೇಕಲ್ಲ. ಎರಡೂ ಕೈಯಿಂದ ಮಣ್ಣು ಮೆತ್ತಿದೆ. ನಾನು ಭಕ್ತೆಯಲ್ಲ, ಆದರೂ ತಪ್ಪಾಯಿತು ತಪ್ಪಾಯಿತು ಎಂದು ಬಾಯಿ ತಾನಾಗೇ ಹೇಳುತ್ತಿತ್ತು.

ತಿರುಗಿದರೆ ಬುಡನ್ ಸಾಬ್. ಅಲ್ಲೇ ನಾಲ್ಕು ಮಾರು ದೂರ, ಮಂಡಿಯೂರಿ ನನ್ನನ್ನೇ ನೋಡುತ್ತಿದ್ದಾರೆ. ತೆರೆದ ಕರಡಿಗೆ ಎದೆ ಮೇಲೆ ನೇತಾಡುತ್ತಿದೆ.

ಅವರು ಮುಖ ಆಚೆ ತಿರುಗಿಸಿದರು. ಆಮೇಲೆ ತೋಟಕ್ಕೆಲ್ಲ ಕೇಳುವ ಹಾಗೆ ಕೂಗಿದರು. "ಸಿಕ್ತು! ಯಜಮಾನ್ರೇ, ಸಿಕ್ತು! ಅಮ್ಮಾವ್ರಿಗೆ ಸಿಕ್ತು! ನಾನೇ ನೋಡ್ದೆ, ಹುಲ್ಲಾಗೆ ಇತ್ತು!"

ಕರಡಿಗೆ ಮುಚ್ಚಿ ಕುಪ್ಪಸದೊಳಗೆ ತಳ್ಳಿ ಓಡಿದೆ.

ಮಾವ ಎರಡೂ ಕೈ ಚಾಚಿದರು. ನೀರು ಹಾಕಿ ತೊಳೆದೆ. ಎಡ ಅಂಗೈ ಮೇಲೆ ಇಟ್ಟುಕೊಂಡರು. ಒಂದು ಗಳಿಗೆ ಹಾಗೇ ನೋಡುತ್ತಾ ಕೂತರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಪೂಜೆ ಮಾಡಿದ್ದು ಸ್ವಲ್ಪ ಹೊತ್ತು ಮಾತ್ರ. ವಿಭೂತಿ, ಪತ್ರೆ ಇಲ್ಲದ್ದಕ್ಕೆ ಒಂದು ಹುಲ್ಲೆಸಳು, ಎರಡು ಮಾತು ಮಂತ್ರ. ಗ್ಲೂಕೋಸ್ ಲೋಟ ಹಿಡಿದೆ. ತೋರಿಸಿ ಕುಡಿದರು. ಇನ್ನೊಂದು ಲೋಟ ಕುಡಿದರು. ಉಪ್ಪಿಟ್ಟು ತಿಂದರು.

ಗಂಗಾಧರ್ ನನ್ನನ್ನು ಅಪ್ಪಿಕೊಂಡು, "ದೇವ್ರು ಇದಾನೆ ಕಣೇ" ಎಂದರು. ಹೂಂ ಎಂದೆ. ಪಂಪ್‌ಹೌಸ್ ಹಿಂದೆ ಹೋಗಿ ಚೆನ್ನಾಗಿ ಅತ್ತು ಬಂದೆ. ಸಂತೋಷಕ್ಕೇ ಅತ್ತದ್ದು. ನನ್ನ ಬುದ್ಧಿವಂತಿಕೆಗೆ ನನಗೇ ಭಲೇ ಅನ್ನಿಸಿತು.

ನನ್ನ ಪಾಲಿನ ಉಪ್ಪಿಟ್ಟು ಆರಿ ಗಟ್ಟಿಯಾಗಿದೆ. ಆಮೇಲೆ ತಿಂದರಾಯಿತು.

ಅದೇ ದಿನ, ಸಂಜೆ. ಕುಣಿಗಲ್

ತವರಿಗೆ ಬಂದು ಮುಟ್ಟಿದೆವು. ಇನ್ನೊಂದು ರಾತ್ರಿ ಟೆಂಟ್ ಎಂಬ ಮಾತನ್ನು ಗಂಗಾಧರ್ ಎತ್ತಲೇ ಇಲ್ಲ.

ಸೇತುವೆ ಮೇಲಿನ ನೀರು ಮಧ್ಯಾಹ್ನದ ಮೇಲೆ ಇಳಿಯಿತು. ಮುಂದೆ ಬುಡನ್ ಸಾಬ್ ಟೆಂಪೋ, ಅದರ ಚಕ್ರದ ಗುರುತು ಹಿಡಿದು ನಮ್ಮ ಓಮ್ನಿ. ಬೀಳ್ಕೊಡುವಾಗ ಅವರು ನನಗೆ ನಾಲ್ಕು ಎಳನೀರು ಕೊಟ್ಟರು. ದುಡ್ಡು ಬೇಡವೆಂದರು. "ಯಜಮಾನ್ರನ್ನ ಚೆನ್ನಾಗ್ ನೋಡ್ಕಳಮ್ಮಾ. ನೀನೂ ಏನಾರ ತಿನ್ನು" ಎಂದರು. ಅದೊಂದೇ ಮಾತು. ನನ್ನ ಕಣ್ಣು ನೋಡಲಿಲ್ಲ.

ಹೊರಡುವ ಮುಂಚೆ ಮಾವ ಒಬ್ಬರೇ ಆ ಚಪ್ಪಡಿ ಕಲ್ಲಿನ ತನಕ ನಡೆದು ಹೋದರು. ಹುಲ್ಲನ್ನು ಕೋಲಿನಿಂದ ಸರಿಸಿ ಸರಿಸಿ ನೋಡಿದರು. ನಾನು ಹಿಂದೆಯೇ ಓಡಿದೆ.

"ಏನ್ ಮಾವ?"

"ಏನಿಲ್ಲ. ಹೊಳೆ ನೋಡ್ದೆ."

ಕಾರಿನಲ್ಲಿ ಎಂದಿನಂತೆ ಕೂತರು. ಮಾರ್ಕೋನಹಳ್ಳಿಯಲ್ಲಿ ಇಳಿದು ಡ್ಯಾಮ್ ನೋಡಿದೆವು. ಇಲ್ಲಿ ಗೇಟು ಎತ್ತಲು ಯಾರೂ ಬೇಕಾಗಿಲ್ಲವಂತೆ, ನೀರು ಅಷ್ಟೆತ್ತರ ಬಂದರೆ ಸೈಫನ್ ತಾನಾಗಿಯೇ ಎಳೆದು ಆಚೆ ಸುರಿಯುತ್ತದಂತೆ. ಗಂಗಾಧರ್ ವಿಡಿಯೋ ಮಾಡಿದರು. ಬೆಳಿಗ್ಗೆ ಅತ್ತ ಮನುಷ್ಯ ಇವರೇನಾ ಅನ್ನಿಸಿತು. ಪಾಪ, ಅವರಿಗೆ ಎಲ್ಲ ಮುಗಿದಿದೆ.

ಅಮ್ಮ ಹೋಳಿಗೆ ಮಾಡಿದ್ದಾಳೆ. ಒಂದು ತುತ್ತು ಬಾಯಿಗಿಟ್ಟೆ. ಗಂಟಲಲ್ಲಿ ನಿಂತುಬಿಟ್ಟಿತು, ಇಳಿಯಲಿಲ್ಲ. ಹಿತ್ತಲಿಗೆ ಹೋಗಿ ಉಗಿದು ಬಂದೆ. ಟೆನ್ಷನ್‌ಗೆ ಹೀಗಾಗುತ್ತದೆ. ಹೊಟ್ಟೆ ಸರಿಯಿಲ್ಲ ಎಂದು ಹೇಳಿದ್ದೇನೆ.

ಅಕ್ಟೋಬರ್ 4, ಶನಿವಾರ

ನೀರು ಇಳಿಯುತ್ತದೆ. ಕಾಫಿ ಇಳಿಯುತ್ತದೆ. ಅನ್ನ ಇಳಿಯುವುದಿಲ್ಲ.

ಇದೇನು ಹುಚ್ಚು. ತಿಂಗಳುಗಟ್ಟಲೆ ದೇವರ ಮನೆಯಲ್ಲಿ ಅದನ್ನು ಇಟ್ಟು ಮೂರು ಹೊತ್ತು ಗಡದ್ದಾಗಿ ಉಂಡವಳು ನಾನು. ಆಗ ಅಡ್ಡ ಬರದಿದ್ದು ಈಗ ಯಾಕೆ? ಆದರೆ ಆಗ ಅದು ನನ್ನದಾಗಿತ್ತು, ಎಲ್ಲಿದೆ ಎಂದು ಗೊತ್ತಿತ್ತು. ಈಗ ತಟ್ಟೆ ಮುಂದೆ ಕೂತರೆ ಕೈ ತಾನಾಗೇ ಕೊರಳಿಗೆ ಹೋಗುತ್ತದೆ. ಮುಟ್ಟಿದರೆ ಖಾಲಿ ಬೆಳ್ಳಿ.

ಮಾವ ಹಜಾರದಲ್ಲಿ ಪೂಜೆ ಮಾಡುವಾಗ ಬಾಗಿಲ ಸಂದಿಯಿಂದ ನೋಡಿದೆ. ಮೊದಲಿನಷ್ಟೇ ಹೊತ್ತು, ಮೊದಲಿನಷ್ಟೇ ಶ್ರದ್ಧೆ. ಗೊತ್ತಾಗಿಲ್ಲ. ಗೊತ್ತಾಗಿದ್ದರೆ ತಿನ್ನುತ್ತಿರಲಿಲ್ಲ, ಅವರ ಜಾತಕವೇ ಅದು. ನಾಳೆ ತುಮಕೂರಿಗೆ ಹೋದ ಮೇಲೆ ಗುಟ್ಟಾಗಿ ಮಠಕ್ಕೆ ಹೋಗಿ ಬುದ್ಧಿಯವರಿಗೆ ಎಲ್ಲ ಹೇಳಿ, ನನಗೊಂದು ಕಟ್ಟಿಸಿಕೊಳ್ಳುತ್ತೇನೆ. ಏನಾದರೂ ಅನ್ನಲಿ. ಮಾವ ಬೇರೆಯವರ ಲಿಂಗ ಪೂಜಿಸುತ್ತಿದ್ದಾರಲ್ಲ, ಅದಕ್ಕೆ ಅವರು ಏನೆನ್ನುತ್ತಾರೋ. ಅದನ್ನು ನೆನೆಸಿಕೊಂಡರೆ ಭಯ.

ಅಮ್ಮ ಎರಡು ಸಲ ಕೇಳಿದಳು, ಉಂಡೆಯಾ ಎಂದು. ಉಂಡೆ ಎಂದೆ. ಹಜಾರದಲ್ಲಿದ್ದ ಮಾವ ಪೇಪರ್ ಮಡಿಸಿ ನನ್ನ ಕಡೆ ನೋಡಿದರು.

ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ

ಮಾವನ ಸ್ನಾನವಾಯಿತು. ಪೆನ್ ತೆಗೆದುಕೊಂಡು ಹೋದೆ. ಎಂದಿನಂತೆ ಬನಿಯನ್ ಎತ್ತಲಿಲ್ಲ.

"ಕೂತ್ಕೋ" ಎಂದರು. ಗಂಗಾಧರ್ ಹೊರಗೆ ಓಮ್ನಿ ತೊಳೆಯುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ.

"ಉಂಡಾ ರಾತ್ರಿ?"

"ಉಂಡೆ ಮಾವ."

"ಯಾರಿಗ್ ತೋರ್ಸಿ ಉಂಡೆ?"

ಪೆನ್ನಿನ ಮುಚ್ಚಳ ಕೈಯಿಂದ ಜಾರಿ ಉರುಳಿಹೋಯಿತು. ಅವರೇ ಬಗ್ಗಿ ಎತ್ತಿಕೊಟ್ಟರು.

"ಅಂಗೈ ಮ್ಯಾಲೆ ಇಟ್ಟೇಟ್ಗೇ ಗೊತ್ತಾಯ್ತು ಕಣವ್ವ. ನನ್ನದು ಭಾರ. ಇದು ಹಗುರಕ್ಕೈತೆ."

"ಮತ್ಯಾಕ್ ಮಾವ ಉಂಡ್ರಿ?"

"ನಿನ್ ಉಗುರ್ ತುಂಬ ಮಣ್ಣಿತ್ತು. ಅಳ್ತಾ ನಿಂತಿದ್ದೆ. ಇದನ್ನ ಬ್ಯಾಡ ಅಂದು ಸತ್ರೆ, ಯಾವ್ ಮುಖ ಇಟ್ಕಂಡು ಶಿವನ ಹತ್ರ ಹೋಗ್ಲಿ?" ಕೊರಳಿನ ಕಾವಿ ಬಟ್ಟೆ ಮುಟ್ಟಿಕೊಂಡರು. "ನೀನೇ ಬಾಯ್ಬಿಟ್ಟು ಹೇಳ್ತೀಯ ಅಂತ ಕಾದೆ. ನೀನು ಉಪಾಸ ಬೀಳ್ತೀಯ ಅಂತ ಅನ್ಕಂಡಿರ್ಲಿಲ್ಲ. ನಿನ್ನ ಪಾಲಿಂದೂ ನಾನೇ ಉಂಡ್ಬುಟ್ಟೆ."

ನನಗೆ ಅಳು ತಡೆಯಲಾಗಲಿಲ್ಲ. ಅವರು ಕಾವಿ ಬಟ್ಟೆ ಬಿಚ್ಚಿದರು. ನನ್ನ ಎಡಗೈ ಬಿಡಿಸಿ, ಅಂಗೈ ಮೇಲೆ ಇಟ್ಟರು.

"ಇವತ್ತು ನೀನು ಉಣ್ಣು. ನಂಗೆ ಬುದ್ಧಿಯೋರ ಕೈಲೇ ಹೊಸದು ಆಗ್ಬೇಕು, ಇಲ್ಲಿ ಐನೋರ್ ಕೈಲಿ ಬ್ಯಾಡ. ತುಮಕೂರು ಸೇರಿ ಅದಾಗೋಗಂಟ ನೀರೂ ಬ್ಯಾಡ, ಸೂಜೀನೂ ಬ್ಯಾಡ."

"ನೀವು ಮೊದ್ಲು ಪೂಜೆ ಮಾಡಿ ಉಣ್ಣಿ ಮಾವ. ಆಮೇಲೆ ನಾನು ಇಸ್ಕೊತೀನಿ. ಇಷ್ಟ್ ದಿನ ನಡೀಲಿಲ್ವಾ?"

"ಗೊತ್ತಿಲ್ದಂಗಿದ್ದಾಗ ನಡೀತು. ಈಗ ಇಬ್ರಿಗೂ ಗೊತ್ತಾಯ್ತಲ್ಲ."

ಅಷ್ಟು ಹೇಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಾರೆ. ಎದುರಿಗೆ ನಾನು. ಎಡಗೈಯಲ್ಲಿ ಅದಿದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಇನ್ನೂ ಬೆಚ್ಚಗಿದೆ, ಅವರ ಮೈಯ ಶಾಖ. ಮಂತ್ರ ನೆನಪಿಲ್ಲ. ರಾತ್ರಿಯೆಲ್ಲ ಮಳೆ ಬಂದಿದೆ, ಹೆದ್ದಾರಿಯಲ್ಲಿ ಎಲ್ಲೋ ನೀರು ನಿಂತು ಗಾಡಿಗಳು ಸಾಲುಗಟ್ಟಿವೆ ಎಂದು ಗಂಗಾಧರ್ ಈಗ ತಾನೇ ಹೇಳಿಹೋದರು. ತುಮಕೂರು ಸೇರುವುದು ಎಷ್ಟು ಹೊತ್ತಿಗೋ, ಬುದ್ಧಿಯವರು ಮಠದಲ್ಲಿ ಇದ್ದಾರೋ ಇಲ್ಲವೋ. ಮಾವನ ತುಟಿ ಒಣಗಿದೆ.

ಹಸಿವು. ಮೊನ್ನೆಯಿಂದ ಇಲ್ಲದ ಹಸಿವು ಈಗ ಹೊಟ್ಟೆ ಹಿಂಡುತ್ತಿದೆ. ನನಗೆ ನಾಚಿಕೆಯಾಗುತ್ತಿದೆ.

ಅಮ್ಮ ಒಳಗಿನಿಂದ ಕೂಗುತ್ತಿದ್ದಾಳೆ, "ಹಜಾರಕ್ಕೆ ಎಷ್ಟ್ ತಟ್ಟೆ ಹಾಕ್ಲೇ?" ಮತ್ತೆ ಕೂಗಿದಳು. ಒಂದು ಎಂದರೆ ನಾನು ಇವರ ಮುಂದೆ ಕೂತು ಉಣ್ಣಬೇಕು. ಎರಡು ಎಂದರೆ ಇದನ್ನು ಮತ್ತೆ ಇವರ ಅಂಗೈಗೆ